ಬಿತ್ತಬೇಕಿದ್ದ ಜೋಳದ ಊಟ

ಗೆಳೆಯರೇ, ಇಂದು ಮಧ್ಯಾಹ್ನ ಮಸ್ಕಿಯ ಹತ್ತಿರದ ಹೊಲವೊಂದರಲ್ಲಿ ಊಟಕ್ಕೆ ಕುಳಿತ ನಾನು ಇನ್ನೂ ಚೇತರಿಸಿಕೊಂಡಿಲ್ಲ. ಹೈದರಾಬಾದಿನ ಬೇಸಾಯ ವಿಜ್ಞಾನಿಯೊಬ್ಬರು ಬಂದಿದ್ದರು. ಅವರ ಉರ್ದುವನ್ನು ರೈತ ಬಸಣ್ಣನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಸಾಹೇಬರು ಎರಡನೆಯ ರೊಟ್ಟಿ ಮುರಿಯುತ್ತ, "ನಾನು ಕಳಿಸಿದ ಹೊಸ ಜೋಳದ ಬೀಜ ತನ್ನಿ, ಇಂದೇ ಬಿತ್ತೋಣ" ಎಂದರು.

"ಅದನ್ನ ಉಣ್ಣಾಕತ್ತೀರಲ್ರೀ ಸಾಹೇಬ್ರ!" ಎಂದ ಬಸಣ್ಣ. "ರೊಟ್ಟಿ ಹೆಂಗಾಗತೈತಿ ನೋಡದ ಹೊಲಕ್ಕ ಹೆಂಗ ಹಾಕೋದು? ಊರ ಮಂದೀಗೂ ರುಚಿ ನೋಡಾಕ ಕೊಟ್ಟೀವಿ. ಎಲ್ಲಾರೂ ಬೇಸೈತಿ ಅಂದಾರ. ಇನ್ನೊಂದು ಚೀಲ ಕೊಡ್ರಿ."

ಇನ್ನೊಂದು ಚೀಲ ಹೈದರಾಬಾದಿನಲ್ಲೂ ಇರಲಿಲ್ಲ. ಸಾಹೇಬರ ಕೈಯ ತುತ್ತು ಅಲ್ಲೇ ನಿಂತಿತು. ಅವರು ಬೈಯುವ ಮೊದಲೇ ಬಸಣ್ಣನ ಹೆಂಡತಿ ಶಿವಮ್ಮ ಕೇಳಿದಳು: "ಹೋದ ಸಲ ಬಂದಾಗ ಬೀಜಕ್ಕಂತ ಆರಿಸಿಟ್ಟ ನಮ್ಮ ತೆನಿ ಎಲ್ಲಾ ಒಯ್ದಿದ್ರಲ್ರೀ, ನಿಮ್ಮ ಕಡೆ ಹುಟ್ಯಾವೇನ್ರೀ?"

ನಾನು ಉರ್ದುವಿನಲ್ಲಿ ಕೇಳಿದೆ. ಸಾಹೇಬರು ತಟ್ಟೆಯನ್ನೇ ನೋಡುತ್ತ, "ಮನೆಯಲ್ಲಿ ತಿಳಿಯದೆ ಬೀಸಿ ರೊಟ್ಟಿ ಮಾಡಿಬಿಟ್ಟರು. ಬಹಳ ಸಿಹಿಯಾಗಿತ್ತು" ಎಂದರು.

ಹದವಾದ ಹೊಲ ಎದುರಿಗೇ ಇತ್ತು. ಎರಡೂ ತಳಿಗಳ ಪರೀಕ್ಷೆ ಮುಗಿದಿದೆ. ಬಿತ್ತಲು ಮಾತ್ರ ಕಾಳಿಲ್ಲ.