ಮ್ಯಾಲಿನ ಮನಿ ಅಕ್ಕೋರು ಕೇಳಿದ ಹೆಪ್ಪು

ಮೊನ್ನೆ ಹೊರಗ ಮರತಿಟ್ಟ ಮೊಸರು ಹುಳಿ ಹಿಡದು ನಾರಾಕತ್ತಿತ್ತು. ಆ ವಾಸನಿ ಮೂಗಿಗೆ ಬಡದದ್ದ ತಡ, ಮ್ಯಾಲಿನ ಮನಿ ಅಕ್ಕೋರು ನೆನಪಾದರು.

ಎರಡು ಸಾವಿರದ ಇಸವಿ ಆಜುಬಾಜು. ಹಿಂದವಾಡಿಯ ನಮ್ಮ ಮನಿ ಮ್ಯಾಲ ಬಾಡಿಗಿ ಇದ್ದಳು. ಖಾನಾಪುರದಾಕಿ, ಅರ್ಧ ಮಾತು ಮರಾಠಿ. ಇಂಜಿನಿಯರಿಂಗ್ ಕಾಲೇಜಿನಾಗ ಕಲಸತಿದ್ದಳು. ಎದುರಿಗೆ ಅಕ್ಕೋರ ಅಂತಿದ್ದೆ, ಹೊಟ್ಟ್ಯಾಗ ಬರೇ ಆಕಿ. ಯಾಕಂದ್ರ ನನ್ನ ಒಬ್ಬಾಕೇ ಮಗಳು ಚಪ್ಪಲಿ ಬಿಡೂದು ಆಕಿ ಬಾಗಿಲದಾಗ. ಪಾಸಾದ್ರೂ ಮೊದಲು ಅಲ್ಲಿ, ಜ್ವರ ಬಂದ್ರೂ ಮೊದಲು ಅಲ್ಲಿ. ಹಡದಾಕಿ ನಾನು. ನನಗ ಸುದ್ದಿ ಮೆಟ್ಟಿಲ ಇಳದು ಬರತಿತ್ತು, ಆರಿದ ಚಹಾದಂಗ.

ಒಂದಿನ ಸಂಜಿಮುಂದ ಬಂದು, "ಕಾಕೂ, ಚೂರು ಹೆಪ್ಪು ಕೊಡ್ರಿ" ಅಂದಳು.

"ದೀಪ ಹಚ್ಚಿದ ಮ್ಯಾಲ ಹಾಲು-ಮೊಸರು ಹೊರಗ ಕೊಡೂದಿಲ್ರಿ ಅಕ್ಕೋರ. ನಿಮ್ಮ ಕಾಲೇಜಿನಾಗ ಇದನ್ನ ಕಲಸೂದಿಲ್ಲೇನು?"

ನಕ್ಕೋತ ಹೋದಳು. ನಾ ದೇವರ ಮನ್ಯಾಗ ಇದ್ದಾಗ ಮಗಳು ಬಟ್ಟಲದಾಗ ಹೆಪ್ಪು ಮುಚ್ಚಿಕೊಂಡು ಒಯ್ದ ಬಿಟ್ಟಿದ್ದಳು. ಸಿಟ್ಟಿಲೆ ಮ್ಯಾಲ ಹತ್ತಿದೆ. ಇಬ್ಬರೂ ತಲಿಗೆ ತಲಿ ಹಚ್ಚಿ, ಕಾಲೇಜಿನಿಂದ ತಂದ ಮೈಕ್ರೋಸ್ಕೋಪಿನಾಗ ನನ್ನ ಹೆಪ್ಪು ನೋಡಾಕತ್ತಿದ್ದರು.

"ಅವ್ವಾ, ಇದರಾಗಿನ ಹುಳ ನೋಡ ಬಾ."

"ನನ್ನ ಮೊಸರಾಗ ಹುಳ ಇಲ್ಲ" ಅಂದೆ.

ಆಕಿ ತಿಳಿಸಿ ಹೇಳಿದಳು. "ಗೀಜರ್ ನೀರು ಎಷ್ಟು ಕಾದೈತಿ ಅಂತ ನೋಡಕೋತ ಇದ್ದು, ತಾನ ಬಂದ್ ಆಗತೈತಲ್ರಿ ಕಾಕೂ? ಇಂಥಾ ಸಣ್ಣ ಜೀವದೊಳಗೂ ಅಂಥಾದ್ದೊಂದು ಕೂಡಸೂದು ಈಗ ಶುರು ಆಗೈತಿ. ಅದು ನಮ್ಮ ಮೈಯಾಗ ಬೇಕಾದಷ್ಟು ಔಷಧ ಮಾಡಿ, ಸಾಕು ಅಂತ ತಾನ ನಿಲ್ಲಬೇಕು."

"ಮೊಸರಿಗೆ ಸಾಕು ಅನ್ನೂದು ಗೊತ್ತಿಲ್ರಿ. ಇಟ್ಟರ ಹುಳಿ ಆಗೂದ."

"ಖರೇ. ಅದಕ್ಕ ನಾವು ಕಲಸಬೇಕ್ರಿ."

ಮಗಳು ಆಕಿ ಮಾರಿ ನೋಡಿದ ರೀತಿ... ನನ್ನ ಮಾರಿ ಹಂಗ ಎಂದೂ ನೋಡಿದ್ದಿಲ್ಲ.

ಮುಂದ ಮಗಳು ಆ ಸಣ್ಣ ಜೀವದ ವಿಷಯಾನ ಓದಾಕ ಪುಣೆಗೆ ಹೋದಳು. ಆಕಿ ಮನಿ ಬಿಟ್ಟು ಖಾನಾಪುರಕ್ಕ ಹೋದಳು. ಪೀಡಾ ಹೋತು ಅಂದಕೊಂಡೆ. ಎಲ್ಲಿ ಹೋಗತೈತಿ? ಸೂಟಿಗೆ ಬಂದ ಮಗಳು ನನ್ನ ಕೂಡ ಉಂಡು, ಕೈ ಆರೂದರಾಗ ಖಾನಾಪುರದ ಬಸ್ ಹಿಡೀತಿದ್ದಳು. ಅಲ್ಲಿ ರಾತ್ರಿ ಇದ್ದು ಬರತಿದ್ದಳು. ನೀನೂ ಬಾ ಅಂತ ಕರೀತಿದ್ದಳು, ಸುಳ್ಳ ಯಾಕ ಹೇಳಲಿ. ನಾನ ಹೋಗಲಿಲ್ಲ.

ಹೋದ ವರ್ಷ ಮಗಳ ಫೋನ್ ಬಂತು. "ಅವ್ವಾ, ಅಕ್ಕೋರು ತೀರಿಕೊಂಡ್ರು" ಅಂದು ಅಳಾಕತ್ತಳು.

"ಮತ್ತ ಯಾರಿಗೆ ಹೇಳಿದಿ?" ಅಂತ ಕೇಳಿದೆ.

"ಯಾರಿಗೂ ಇಲ್ಲ. ನಿನಗ ಮೊದಲು."

ಇಷ್ಟು ವರ್ಷ ಈ ಮಾತಿಗೇ ಕಾದಿದ್ದೆ. ಅಳೂ ಮಗಳಿಗೆ ಏನು ಹೇಳಬೇಕು ಅನ್ನೂದು ಆ ಮ್ಯಾಲಿನ ಮನಿಯಾಕಿಗೆ ಗೊತ್ತಿರತಿತ್ತು. ನನಗ ತಿಳೀಲಿಲ್ಲ.