ಹಿಮ್ಮಡೀಲೋ, ಗುಳೀಲೋ?

ಚರ್ಮ ಕೊಯ್ಯುವ ರಂಪಿಗೆಯನ್ನು ಹಿಡಿದು ಹಿಡಿದು ಅಟ್ಟೆ ಮಾವನ ಬಲಗೈ ಹೆಬ್ಬೆರಳು ಒಂದು ಕಡೆಗೆ ಸೊಟ್ಟಗಾಗಿತ್ತು. ಕೈ ಬರಿದಾಗಿದ್ದಾಗಲೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅದೇ ಬೆರಳಿನಿಂದ ನನ್ನ ಅಂಗಾಲನ್ನು ಒತ್ತಿ ನೋಡಿ, "ನಿಂದು ಆಳದ ಗುಳಿ ಮಾರಾಯ, ಬರೀ ಬೂಟು ಸಾಲ್ದು" ಎಂದಿದ್ದರು.

ಮೂಡಿಗೆರೆ ಬಸ್ ನಿಲ್ದಾಣದ ಹಿಂದೆ ಚಪ್ಪಲಿ, ಬೂಟು ಹೊಲಿಯುತ್ತಿದ್ದರು. ಸೈನ್ಯದ ತರಬೇತಿಗೆ ಹೊರಟ ಹುಡುಗರಿಗೆ ಬೂಟಿನೊಳಗೆ ಹಾಕಿಕೊಳ್ಳುವ ಮೆತ್ತನೆ ಅಟ್ಟೆ ಮಾಡಿಕೊಡುವುದೆಂದರೆ ಅವರಿಗೆ ಒಂದು ಹುಚ್ಚು. ಹಾಗಾಗಿ ನಮಗೆಲ್ಲ ಅವರು ಅಟ್ಟೆ ಮಾವ. ಒದ್ದೆ ಕಾಲಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿ, ಗುರುತು ಆರುವುದರೊಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹಳೆ ಹವಾಯಿ ಚಪ್ಪಲಿಯ ರಬ್ಬರನ್ನು ಅದರಂತೆ ಕೊಯ್ಯುತ್ತಿದ್ದರು. "ನಮ್ ಗುಡ್ಡದ ಮಣ್ಣು ಕಾಲಿನ ಏಟು ನುಂಗ್ಕೊಳ್ಳುತ್ತೆ. ಪರೇಡಿನ ನೆಲ ನುಂಗಲ್ಲ, ವಾಪಸ್ ಕೊಡುತ್ತೆ. ಕಣಕಾಲ್ ಜೋಪಾನ" ಎಂದು ಒಬ್ಬೊಬ್ಬರಿಗೂ ಹೇಳುವರು.

ನನಗೆ ಕೊಟ್ಟ ಜೊತೆಯಲ್ಲಿ ಒಂದು ನೀಲಿ, ಒಂದು ಹಸಿರು. ಬಾರಿನ ತೂತು ಕೂಡ ಹಾಗೇ ಇತ್ತು. ಬ್ಯಾರಕ್ಕಿನಲ್ಲಿ ಜೊತೆಯವರು ಅದನ್ನು ಕಂಡು ಬಿದ್ದು ಬಿದ್ದು ನಕ್ಕರು. ಮೂರನೇ ದಿನಕ್ಕೇ ಕಿತ್ತು ಕಸದ ಡಬ್ಬಿಗೆ ಹಾಕಿದೆ. ಎರಡು ತಿಂಗಳಿಗೆ ಕಣಕಾಲು ನೋಯತೊಡಗಿತು. ಯಾರಿಗೂ ಹೇಳದೆ ಹಲ್ಲು ಕಚ್ಚಿ ಓಡಿದೆ. ಮೂಳೆ ಬಿರುಕು ಬಿಟ್ಟಿತು. ಕೂಡಿಕೊಂಡರೂ ಮೊದಲಿನಂತೆ ಓಡಲು ಆಗಲೇ ಇಲ್ಲ, ವಾಪಸ್ ಕಳಿಸಿದರು. ಅಟ್ಟೆ ಇದ್ದಿದ್ದರೆ ಉಳಿಯುತ್ತಿತ್ತೋ ಏನೋ, ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕುಂಟುತ್ತಾ ಬಸ್ಸಿಳಿದ ನನ್ನನ್ನು ಕಂಡು ಮಾವ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದರು. "ಏನಾಯ್ತೋ ಮಾರಾಯ?" ಸುತ್ತ ಜನ. ಹಾರ ಹಾಕಿಸಿಕೊಂಡು ಹೋದವನು ನಾನು. ಎಲುಬಿಲ್ಲದ ನಾಲಿಗೆ ನೋಡಿ, "ನಿಮ್ ಅಟ್ಟೆಯಿಂದ್ಲೇ ಮಾವ ಹಿಂಗಾಗಿದ್ದು" ಅಂದುಬಿಟ್ಟೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಅಲ್ಲೇ ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, "ಎಲ್ಲಿ ತಪ್ತು ಹೇಳು. ಹಿಮ್ಮಡೀಲೋ, ಗುಳೀಲೋ?" ಎಂದರು. ನಾನು ಊರಿನ ಕಡೆಯ ಜೀಪು ಹತ್ತಿದೆ.

ಆಮೇಲೆ ಅವರು ಯಾರಿಗೂ ಅಟ್ಟೆ ಮಾಡಲಿಲ್ಲ. ನಾನು ಮಲ್ಲಂದೂರು ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆದೆ. ಒಮ್ಮೆ, ನಿಜ ಹೇಳಿಬಿಡಬೇಕೆಂದೇ ಮೂಡಿಗೆರೆಗೆ ಹೋದೆ. ಆ ವಾರವೇ ತರಬೇತಿಗೆ ಹೊರಡಲಿದ್ದ ಮೂವರು ಹುಡುಗರು ಅಟ್ಟೆ ಮಾಡಿಕೊಡಿ ಎಂದು ಮಾವನನ್ನು ಅಂಗಲಾಚುತ್ತಿದ್ದರು. "ಬ್ಯಾಡ ಕಣ್ರೋ. ನನ್ ಕೈಯಿಂದ ಒಂದ್ ಕಾಲ್ ಹೋಗಿದೆ" ಎಂದವರು ನನ್ನನ್ನು ಕಂಡು ತಲೆ ತಗ್ಗಿಸಿದರು. ಅವರು! ನಾನು ಫೋನು ಬಂದವನಂತೆ ಕಿವಿಗೆ ಹಿಡಿದು ಜಾರಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು. ಆ ಮೂವರು ಅಟ್ಟೆಯಿಲ್ಲದೆಯೇ ಹೋದರು. ಈಗಲೂ ಟಾರು ರಸ್ತೆಯಲ್ಲಿ ಯಾರಾದರೂ ಬೂಟು ಹಾಕಿಕೊಂಡು ಓಡುವ ಸದ್ದು ಕೇಳಿದರೆ ಯಾವ ಹೆಜ್ಜೆ ತಪ್ಪುತ್ತದೋ ಎಂದು ಎಣಿಸುತ್ತಾ ನಿಲ್ಲುತ್ತೇನೆ.

ಹೋದ ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಮಾವ ತೀರಿಕೊಂಡರು. ಮೂರನೇ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿಗೆ ನನ್ನ ಗುರುತಿರಲಿಲ್ಲ. ಮಣೆ ಕೊಟ್ಟು, ಕಾಫಿ ಕೊಟ್ಟರು.

"ಕಡೇ ದಿನಾನೂ ಅದೇ ಮಾತು ಕಣಪ್ಪ. ಯಾವ್ದೋ ಹುಡುಗನ ಕಾಲು ಕೆಡಿಸ್ಬಿಟ್ಟೆ, ಬಾಳು ಹಾಳ್ ಮಾಡ್ಬಿಟ್ಟೆ ಅಂತ. ಹೆಸ್ರು ಮಾತ್ರ ಹೇಳ್ಲಿಲ್ಲ. ಸೈನ್ಯದಿಂದ ವಾಪಸ್ ಬಂದೋನು ಅಂತ ಅವ್ನಿಗೆ ಕೆಟ್ಟ ಹೆಸ್ರು ಬರ್ಬಾರ್ದಂತೆ. ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲಮ್ಮ" ಅಂದೆ.

"ಸಿಕ್ರೆ ಹೇಳು ಮಗ, ತಪ್ಪಾಯ್ತು ಅಂತ ಹೇಳೇ ಹೋದ್ರು ಅಂತ."

"ಹೇಳ್ತೀನಮ್ಮ" ಅಂದೆ.