ಸಿಂಕಿನ ಹಿಂದೆ ನಿಲ್ಲಿಸದ ಕಲ್ಲು

ಮಹಾನಂದಾ, ನಮ್ಮ ಅಡುಗೆಮನೆಯ ಗೋಡೆ ಒದ್ದೆಯಾದದ್ದು ನಿನ್ನ ಕೈಯಿಂದಲ್ಲ, ನನ್ನಿಂದ. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ಹದಿನಾಲ್ಕು ವರ್ಷ ಬಾಯಿ ಬಿಡಲಿಲ್ಲ.

ನೀನು ನನ್ನ ಮೈದುನನ ಹೆಂಡತಿಯಾಗಿ ಬರುವ ಹಿಂದಿನ ವರ್ಷ ಶಹಾಬಾದಿನ ಈ ಮನೆಗೆ ಹೊಸ ಅಡುಗೆಕಟ್ಟೆ ಕಟ್ಟಿಸಿದೆವು. ಭಂಕೂರದ ಗೌಂಡಿ ಸಿಂಕ್ ಕೂಡಿಸಿ, ಅದರ ಹಿಂದೆ ಗೋಡೆಗೆ ನಿಲ್ಲಿಸಲೆಂದು ಮೊಳದೆತ್ತರದ ಫರ್ಸಿ ಕಲ್ಲು ಕೊಯ್ದಿಟ್ಟಿದ್ದ. ನಾನು ಬೇಡವೆಂದೆ. ಹತ್ತಿರದ ವಾಡಿಯಲ್ಲಿ ಯಾರೋ ಸಾಹೇಬರ ಕ್ವಾರ್ಟರ್ಸ್‌ನಲ್ಲಿ ತಿಳಿಹಳದಿಯ ನುಣುಪು ಗೋಡೆ ನೋಡಿ ಬಂದಿದ್ದೆ, ನನಗೆ ಅಂಥದ್ದೇ ಬೇಕಿತ್ತು. ಅಂಗಳಕ್ಕೂ ಫರ್ಸಿ, ಪಡಸಾಲೆಗೂ ಫರ್ಸಿ, ದನದ ಕೊಟ್ಟಿಗೆಗೂ ಫರ್ಸಿ — ನಮ್ಮೂರಲ್ಲಿ ಆ ಕಲ್ಲನ್ನು ಯಾರು ಕಣ್ಣೆತ್ತಿ ನೋಡುತ್ತಾರೆ?

“ಕಾಲಾಗ ತುಳಿಯೋ ಕಲ್ಲು ಗ್ವಾಡಿಗಿ ಹಚ್ತೀಯೇನಪಾ?” ಎಂದು ನಕ್ಕೆ.

“ಇದು ಚಂದಕ್ಕಲ್ರಿ ಅಕ್ಕಾರ. ನೀರು ಸಿಡೀತದ, ಕಲ್ಲು ತಡೀತದ. ಕಲ್ಲಿಲ್ಲಂದ್ರ ಗ್ವಾಡಿ ಕುಡೀತದ್ರಿ,” ಎಂದ.

ನಾನು ಕೇಳಬೇಕಲ್ಲ! ಕೊಯ್ದ ಕಲ್ಲನ್ನು ಹಿತ್ತಲಿಗೆ ಹೊರಿಸಿ, ಗೋಡೆಗೆ ಹಳದಿ ಬಳಿಸಿದೆ. ಅವನು ಹೇಳಿದ ಮಾತನ್ನು ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ.

ಆಮೇಲೆ ಕುರಕುಂಟಾದಿಂದ ನೀನು ಬಂದೆ. ಅಡುಗೆ ನನ್ನದು, ಪಾತ್ರೆ ನಿನ್ನದು. ಸಿಂಕಿನ ಹಿಂದಿನ ಆ ಗೋಡೆಯ ಇನ್ನೊಂದು ಬದಿಗೆ ಅತ್ತೆಯ ದೇವರ ಜಗಲಿ, ಅಲ್ಲಿನ ಗೂಡಿನಲ್ಲಿ ಅವರ ಪೂಜೆಯ ವಿಭೂತಿ. ವರ್ಷ ತುಂಬುವುದರೊಳಗೆ ಬಣ್ಣ ಉಬ್ಬಿತು, ತೇವ ಆ ಬದಿಗೂ ಇಳಿಯಿತು. ಒಂದು ಬೆಳಿಗ್ಗೆ ಅತ್ತೆ ಎತ್ತಿಕೊಂಡ ವಿಭೂತಿಗಟ್ಟಿ, ಕಲಸಿದ ಹಿಟ್ಟಿನಂತೆ ಬೆರಳಿಗೆ ಅಂಟಿತು. ನಮ್ಮಿಬ್ಬರನ್ನೂ ಕರೆದರು.

“ಯಾರವ್ವಾ, ಇಷ್ಟ್ ನೀರು ಸಿಡಸಲಿಕತ್ತೀರಿ?”

ನೀನು ನನ್ನ ಮುಖ ನೋಡಿದೆ. ಹಿರಿಯಳಲ್ಲವೇ, ನಿನ್ನ ಪರವಾಗಿ ಒಂದು ಮಾತು ಆಡುತ್ತಾಳೆ ಎಂದು... ಗೌಂಡಿಯ ಮಾತು ನನ್ನ ಕಿವಿಯಲ್ಲೇ ಇತ್ತು. ಆದರೆ ನಾನು ಹೇಳಿದ್ದು ಇಷ್ಟೇ —

“ಆಕಿ ಕೈ ಸ್ವಲ್ಪ ಜೋರ್ ಅದರಿ, ಅತ್ತಿ.”

ಅಂದಿನಿಂದ ಜಗಲಿ ಸಾರಿಸುವುದು, ಪೂಜೆಗೆ ಅಣಿ ಮಾಡುವುದು ನಿನ್ನ ಕೈಬಿಟ್ಟು ಹೋಯಿತು. ತವರಿನಲ್ಲಿ ದಿನವೂ ನೀನೇ ಮಾಡುತ್ತಿದ್ದ ಕೆಲಸ ಅದು, ನಿನಗೆ ಎಷ್ಟು ಪ್ರೀತಿಯದೆಂದು ನನಗೆ ಗೊತ್ತಿತ್ತು. ಅತ್ತೆ ಅದನ್ನು ನನಗೆ ಕೊಟ್ಟರು, ನಾನು ತೆಗೆದುಕೊಂಡೆ. ಒಳಗೊಳಗೇ ಹೆಮ್ಮೆಯೂ ಪಟ್ಟೆ — ಬರೆಯಲು ನಾಚಿಕೆಯಾಗುತ್ತಿದೆ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅಡುಗೆಮನೆ ಬಾಗಿಲಿಗೆ ಬಂದವಳು ನಿನ್ನನ್ನು ನೋಡಿದೆ. ನಲ್ಲಿಯನ್ನು ದಾರದಷ್ಟೇ ಬಿಟ್ಟುಕೊಂಡು, ಬಲಗೈಯಲ್ಲಿ ತಾಟು ಹಿಡಿದು ಜಾಲಿಸುತ್ತ, ಎಡಗೈಯನ್ನು ಗೋಡೆಗೆ ಅಡ್ಡ ಇಟ್ಟು ನಿಂತಿದ್ದೆ. ಸಿಡಿದ ಹನಿಗಳೆಲ್ಲ ನಿನ್ನ ಅಂಗೈಗೆ! ದಿನಕ್ಕೆ ಎರಡು ಹೊತ್ತು, ಮನೆಮಂದಿಯ ಅಷ್ಟೂ ಪಾತ್ರೆ — ಹೀಗೇ ತೊಳೆಯುತ್ತಿದ್ದೆಯಾ? ನಾನು ಬೇಡವೆಂದ ಕಲ್ಲಿನ ಕೆಲಸವನ್ನು ಒಂದು ಕೈ ಮಾಡುತ್ತಿತ್ತು. ಇಂಥ ತಾಳ್ಮೆ ಇವಳಿಗೆ ಎಲ್ಲಿಂದ ಬಂತು, ಯಾರು ಕಲಿಸಿದರು... ಆಗಲಾದರೂ ಹೇಳಬಹುದಿತ್ತು. ಸದ್ದಾಗದಂತೆ ಹಿಂದೆ ಸರಿದೆ.

ಮುಂದೆ ನೀವು ಬೇರೆ ಮನೆ ಮಾಡಿಕೊಂಡು ಚಿತ್ತಾಪುರಕ್ಕೆ ಹೋದಿರಿ. ನೀನಿಲ್ಲದಿದ್ದರೂ ಗೋಡೆ ಹಸಿಯಾಗಿಯೇ ಇತ್ತು. ಅತ್ತೆ ಕೇಳಿದಾಗ, “ಹಳೀ ಹಸೀರಿ, ಲಗೂನ ಆರಂಗಿಲ್ಲ,” ಎಂದು ಮತ್ತೊಂದು ಸುಳ್ಳು ಹೇಳಿದೆ. ವರ್ಷಕ್ಕೊಮ್ಮೆ ಬಣ್ಣ ಬಳಿಸಿ ಮುಚ್ಚಿದೆ. ಅವರು ಲಿಂಗೈಕ್ಯರಾಗುವವರೆಗೂ ನಂಬಿದರು.

ಈ ಬೇಸಿಗೆಯಲ್ಲಿ ಮಗ ಅಡುಗೆಮನೆ, ಬಚ್ಚಲು ಎರಡರ ಗೋಡೆಗೂ ಟೈಲ್ಸ್ ಹಾಕಿಸಿದ. ಹಳೆಯ ಗಿಲಾವು ಕೆತ್ತಿದರೆ ಮುದ್ದೆಮುದ್ದೆಯಾಗಿ ಉದುರಿತು, ಒಳಗಿನ ಇಟ್ಟಂಗಿ ಕರ್ರಗಾಗಿತ್ತು. “ನಮ್ಮ ಕಾಕೂಂದು ಕೈ ಜೋರ್ ಇತ್ತಂತ,” ಎಂದು ಮಗ ನಿನ್ನನ್ನು ನೆನೆದು ನಕ್ಕ. ಅವನಿಗೂ ಆ ಮಾತು ಮುಟ್ಟಿತ್ತು ನೋಡು. ಟೈಲ್ಸಿನವನು ಉಳಿ ಕೆಳಗಿಟ್ಟ.

“ಯಾರ ಕೈದೂ ತಪ್ಪಿಲ್ರಿ ಇದ್ರಾಗ. ಸಿಂಕಿನ ಹಿಂದ ಕಲ್ಲೇ ಇಲ್ಲಂದ್ರ, ಎಷ್ಟ್ ನಾಜೂಕ್ ತೊಳದ್ರೂ ಗ್ವಾಡಿ ಹಸೀನೇ.”

ಕೆಲಸ ಮುಗಿದ ಮೇಲೆ, ಯಾರೂ ಇಲ್ಲದಾಗ, ಒಂದು ತಂಬಿಗೆ ನೀರನ್ನು ಆ ಗೋಡೆಗೆ ಎರಚಿದೆ. ನೀರು ಬಡಿಯಿತು, ಜಾರಿತು, ತಾನಾಗಿಯೇ ಸಿಂಕಿಗೆ ಇಳಿದುಹೋಯಿತು. ಬಟ್ಟೆ ಆಡಿಸಿದೆ — ಒಣ. ಒಲೆಯ ಹಿಂದೆ ಒಗ್ಗರಣೆಯ ಎಣ್ಣೆ, ಅರಿಶಿನ, ಎಲ್ಲ ಒಂದೇ ಒರೆಸಿಗೆ ಮಾಯ. ಬಚ್ಚಲಲ್ಲೂ ಜಳಕದ ನೀರು ಹಾಗೆಯೇ ಇಳಿದು ಹೋಗುತ್ತದೆ. ಗೋಡೆ ಎಂದರೆ ಗಟ್ಟಿ ಎಂದುಕೊಂಡಿದ್ದೆನಲ್ಲ ನಾನು! ಸಿಕ್ಕಿದ್ದೆಲ್ಲ ಕುಡಿದುಕೊಳ್ಳುವ ಮರಳು, ಸಿಮೆಂಟು ಅದು. ಅದನ್ನು ಕಾಯುವುದಕ್ಕೆ ಬೆರಳಿನಷ್ಟೂ ದಪ್ಪವಿಲ್ಲದ ಒಂದು ಪದರ ಸಾಕು — ಅಷ್ಟೇ ಸಾಕಿತ್ತು. ಹುಚ್ಚಿಯ ಹಾಗೆ ಮತ್ತೆ ಮತ್ತೆ ಎರಚಿ ನೋಡಿದೆ. ಅಷ್ಟು ಸಣ್ಣದೊಂದು ವಸ್ತುವಿನ ಮುಂದೆ ಬೆರಗಾಗಿ ನಿಂತೆ, ಅಲ್ಲಿಯೇ ಅಳುವೂ ಬಂತು.

ಆ ಸಂಜೆ ಮನೆಯವರನ್ನೆಲ್ಲ ಕೂಡಿಸಿ ಹೇಳಿಬಿಟ್ಟೆ. ನಮ್ಮವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಮಗ ತಲೆ ತಗ್ಗಿಸಿದ. ಅತ್ತೆಗೆ ಮಾತ್ರ ಹೇಳಲಾಗಲಿಲ್ಲ. ಅವರು ನಿನ್ನನ್ನು ತಪ್ಪಾಗಿ ತಿಳಿದೇ ಹೋದರು, ಅದನ್ನು ಇನ್ನು ನಾನು ಸರಿಮಾಡಲಾರೆ.

ಸೋಮವಾರ ಚಿತ್ತಾಪುರಕ್ಕೆ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನಿನ್ನ ಗಂಡ, ಮಕ್ಕಳ ಎದುರಿಗೆ ನಿಂತು ಹೇಳುತ್ತೇನೆ. ನೀನು ನನ್ನನ್ನು ಕೂಡಿಸಿ, ಕುಡಿಯಲು ಕೊಟ್ಟು, “ಇರ್ಲಿ ಬಿಡ್ರಿ ಅಕ್ಕಾ,” ಎನ್ನುತ್ತೀ — ನಿನ್ನ ಸ್ವಭಾವ ನನಗೆ ಗೊತ್ತು. ಈ ಸಲ ಹಾಗೆ ಅನ್ನಬೇಡ.